ಹಳೇ ಎಸ್‌ಎಂಇ ಟೋನ್‌ಆರ್ಮಿಗೆ ಶ್ಯೂರ್ ವಿ15 ಕಾರ್ಟ್ರಿಜ್ ಕೂರಿಸಿದೀನಿ, ಕೊನೇ ಹಾಡುಗಳಲ್ಲಿ ದನಿ ಹರೀತಿದೆ, ಎಲ್ಲಿಂದ ನೋಡ್ಕೊಂಡು ಬರ್ಲಿ?

ಕಪ್ಪುತಟ್ಟೆ:

ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರ ಟರ್ನ್‌ಟೇಬಲ್ ಈಗ ನನ್ನ ಹತ್ರ ಬಂದಿದೆ. ಆರ್ಮು (ಮುಳ್ಳನ್ನ ಹೊತ್ತಿರೋ ತೋಳು) ಎಸ್‌ಎಂಇ 3009 ಸೀರೀಸ್ 2 ಇಂಪ್ರೂವ್ಡ್, ಹೆಡ್‌ಶೆಲ್ (ಕಾರ್ಟ್ರಿಜ್ ಕೂರೋ ತುದಿ ಭಾಗ) ಬಿಚ್ಚೋಕೆ ಬರೋ ಮಾಡೆಲ್ಲು, ಜೊತೆಗೆ ಡಬ್ಬಿ ಸಮೇತ ಒಂದು ಶ್ಯೂರ್ ವಿ15 ಟೈಪ್ 3 ಕಾರ್ಟ್ರಿಜ್ಜೂ (ಮುಳ್ಳಿನ ಅಲುಗಾಟವನ್ನ ಸಿಗ್ನಲ್ ಮಾಡೋ ಭಾಗ) ಇದೆ. ಮುಳ್ಳು ಅದರ ಜೊತೆಗೇ ಬಂದಿದ್ದ ವಿಎನ್35ಇ, ಭೂತಗನ್ನಡಿ ಹಿಡಿದು ನೋಡಿದೆ, ವಜ್ರ ಉಳ್ಕೊಂಡಿದೆ, ಅದು ಕೂತಿರೋ ಸಣ್ಣ ಕಡ್ಡಿ, ಅಂದ್ರೆ ಕ್ಯಾಂಟಿಲಿವರ್, ಸೊಟ್ಟ ಆಗಿಲ್ಲ. ಕೂರಿಸಿ, ನಾಲ್ಕು ವೈರ್ ಸಿಕ್ಕಿಸಿ, ಬ್ಯಾಲೆನ್ಸ್ ಮಾಡಿ ರೆಕಾರ್ಡ್ ಹಾಕಿದೆ, ಮೊದಲ ಹಾಡು ಕೇಳ್ತಿದ್ದ ಹಾಗೇ ಮೈ ಜುಂ ಅಂತು, ಹಾಡೋರ ದನಿ ಅಷ್ಟು ಹತ್ರ ಇದೆ, ಇದನ್ನ ಹೇಗಾದ್ರೂ ಪೂರ್ತಿ ಸರಿ ಮಾಡ್ಲೇಬೇಕು ಅಂತ ಅನ್ನಿಸಿಬಿಡ್ತು.

ಈಗ ತೊಂದರೆ ಏನಂದ್ರೆ, ಎಡಗಡೆ ಸ್ಪೀಕರ್ ಆಗಾಗ ಸಣ್ಣಗಾಗತ್ತೆ, ಹೆಡ್‌ಶೆಲ್ ಮೇಲೆ ಮೆಲ್ಲಗೆ ತಟ್ಟಿದ್ರೆ ಮತ್ತೆ ಬರತ್ತೆ. ರೆಕಾರ್ಡಿನ ಕೊನೇ ಎರಡು ಹಾಡು ಬಂದಾಗ ಸ, ಶ ಎಲ್ಲ ಹರಿದ ಹಾಗೆ ಕೇಳತ್ತೆ, ಜೋರಾಗಿ ಪಿಯಾನೊ ಬಂದ್ರೂ ಅಷ್ಟೇ. ಸ್ವಲ್ಪ ಡೊಂಕು ಇರೋ ರೆಕಾರ್ಡ್ ಹಾಕಿದ್ರೆ ವೂಫರಿನ (ಬೇಸ್ ಕೊಡೋ ದೊಡ್ಡ ಸ್ಪೀಕರ್) ಕೋನು ಒಳಗೂ ಹೊರಗೂ ತೇಕತ್ತೆ, ಅಲ್ಲಿ ಬೇಸ್ ಏನೂ ಇಲ್ದಿದ್ರೂ. ಸಣ್ಣಗೆ ಹಮ್ಮೂ (ಗುಂಯ್ ಅನ್ನೋ ಸದ್ದು) ಇದೆ.

ಮುಳ್ಳು ರೆಕಾರ್ಡನ್ನ ಒತ್ತೋ ತೂಕ 0.75 ಗ್ರಾಂಗೆ ಇಟ್ಟಿದೀನಿ, ರೆಕಾರ್ಡುಗಳು ಹಳೇವು, ಸವೀಬಾರ್ದು ಅನ್ನೋ ಕಾರಣಕ್ಕೆ. ಎಸ್‌ಎಂಇಯ ಮೂಲ ಹೆಡ್‌ಶೆಲ್‌ನಲ್ಲಿ ಉದ್ದ ಸ್ಲಾಟ್ ಇಲ್ಲ, ಬರೀ ಎರಡು ತೂತು, ಹಾಗಾಗಿ ಕಾರ್ಟ್ರಿಜ್ಜನ್ನ ಹಿಂದೆ ಮುಂದೆ ಸರಿಸೋಕೆ ಅನುಕೂಲ ಆಗ್ಲಿ ಅಂತ ಬೇರೆ ದಪ್ಪ ಅಲ್ಯೂಮಿನಿಯಂ ಹೆಡ್‌ಶೆಲ್ ಹಾಕಿದೀನಿ. ಇದ್ರಲ್ಲಿ ಯಾವುದನ್ನ ಮೊದಲು ನೋಡ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಮುಳ್ಳಿನಮೊನೆ:

ಒಳ್ಳೇ ಜೋಡಿ ಸಿಕ್ಕಿದೆ ಸರ್, ಆ ಕಾಲದಲ್ಲಿ ಎಷ್ಟೋ ಜನ ಇದೇ ಆರ್ಮಿಗೆ ಇದೇ ಕಾರ್ಟ್ರಿಜ್ ಹಾಕ್ಕೊಂಡು ಕೇಳ್ತಿದ್ರು. ವಿ15 ಟೈಪ್ 3 ಬಂದಿದ್ದು 1973ರಲ್ಲಿ, ಕಡಿಮೆ ತೂಕದಲ್ಲಿ ಓಡೋದಕ್ಕೆ ಅಂತಲೇ ಮಾಡಿದ್ದು, ಈ ಆರ್ಮೂ ಹಗುರ ಕಾರ್ಟ್ರಿಜ್ಜಿಗೆ ಅಂತಲೇ ಮಾಡಿದ್ದು.

ಮೊದಲು ಎಡಗಡೆ ಚಾನೆಲ್ ವಿಷಯ ಮುಗಿಸಿ, ಅದು ಸುಲಭ. ಹೆಡ್‌ಶೆಲ್ ತಟ್ಟಿದ್ರೆ ದನಿ ವಾಪಸ್ ಬರತ್ತೆ ಅಂದ್ರೆ ಕಾಂಟ್ಯಾಕ್ಟ್ ಹೋಗಿದೆ ಅಂತ್ಲೇ ಲೆಕ್ಕ. ಹೆಡ್‌ಶೆಲ್ ಬಿಚ್ಚಿ ಆರ್ಮಿನ ತುದಿ ಒಳಗೆ ನೋಡಿ, ಸ್ಪ್ರಿಂಗ್ ಇರೋ ನಾಲ್ಕು ಪುಟ್ಟ ಪಿನ್ ಕಾಣತ್ತೆ, ಹೆಡ್‌ಶೆಲ್ ಹಿಂಭಾಗದಲ್ಲೂ ಅದಕ್ಕೆ ಸರಿಯಾಗಿ ನಾಲ್ಕು ಇದೆ. ಇಷ್ಟು ವರ್ಷ ಸುಮ್ನೆ ಇದ್ರೆ ಅದ್ರ ಮೇಲೆ ಕಪ್ಪು ಪದರ ಕಟ್ಟಿರತ್ತೆ. ಕಿವಿಗೆ ಹಾಕೋ ಹತ್ತಿ ಕಡ್ಡಿಗೆ ಒಂಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಂಡು ಮೆಲ್ಲಗೆ ಉಜ್ಜಿ, ಒಂದೊಂದೇ ಪಿನ್ನನ್ನ ಮೃದುವಾಗಿ ಒತ್ತಿ ನೋಡಿ, ಒಳಗೆ ಹೋಗಿ ಮತ್ತೆ ಹೊರಗೆ ಬರ್ಬೇಕು. ಒಂದು ಒಳಗೇ ಸಿಕ್ಕಾಕ್ಕೊಂಡಿದ್ರೆ ನಿಮ್ಮ ಎಡ ಚಾನೆಲ್ ಕಳ್ಳ ಅದೇ. ಹೆಡ್‌ಶೆಲ್ ಹಿಂದೆ ಒಂದು ರಬ್ಬರ್ ವಾಷರ್ ಇರತ್ತೆ, ಅದು ಗಟ್ಟಿಯಾಗಿ ಸುಕ್ಕುಗಟ್ಟಿದ್ರೂ ಕಾಲರ್ ಬಿಗಿ ಬರಲ್ಲ, ಪಿನ್ ಸರಿಯಾಗಿ ತಾಗಲ್ಲ.

ಅಷ್ಟಾದ್ಮೇಲೂ ಹೋಗ್ಲಿಲ್ಲ ಅಂದ್ರೆ ಎಡ ಬಲ ಅದಲು ಬದಲು ಮಾಡಿ ನೋಡಿ. ಮೊದಲು ಆಂಪ್ಲಿಫಯರ್ ಹತ್ರ ಕೇಬಲ್ಲಿನ ಪ್ಲಗ್ಗುಗಳನ್ನ ಅದಲು ಬದಲು ಮಾಡಿ, ತೊಂದರೆ ಎಡ ಸ್ಪೀಕರ್‌ನಲ್ಲೇ ಉಳಿದ್ರೆ ಆಂಪ್ಲಿಫಯರ್ ಕಡೆದು, ಬಲಕ್ಕೆ ಹೋದ್ರೆ ಟರ್ನ್‌ಟೇಬಲ್ ಕಡೆದು. ಆಮೇಲೆ ಅದನ್ನ ವಾಪಸ್ ಮೊದಲಿನ ಥರ ಹಾಕಿ, ಕಾರ್ಟ್ರಿಜ್ ಹತ್ರ ಬಿಳಿ ಇರೋ ಕಡೆ ಕೆಂಪು, ನೀಲಿ ಇರೋ ಕಡೆ ಹಸಿರು ಅದಲು ಬದಲು ಮಾಡಿ, ಈಗ ಬಲಕ್ಕೆ ಹೋದ್ರೆ ಕಾರ್ಟ್ರಿಜ್ಜಿನದು, ಎಡದಲ್ಲೇ ಉಳಿದ್ರೆ ಕ್ಲಿಪ್ಪು, ಆರ್ಮು, ಕೇಬಲ್ ಇವುಗಳಲ್ಲಿ ಎಲ್ಲೋ ಒಂದು ಕಡೆದು. ಬಣ್ಣ ಗೊತ್ತಿಲ್ದಿರೋರಿಗೆ ಅಂತ ಹೇಳ್ತೀನಿ, ಬಿಳಿ ಎಡ ಪಾಸಿಟಿವ್, ನೀಲಿ ಎಡ ಗ್ರೌಂಡ್, ಕೆಂಪು ಬಲ ಪಾಸಿಟಿವ್, ಹಸಿರು ಬಲ ಗ್ರೌಂಡ್. ಮೀಟರ್ ಹಿಡಿದು ಕಾಯಿಲ್ ಅಳೆಯೋಕೆ ಹೋಗ್ಬೇಡಿ, ಇಷ್ಟರಲ್ಲೇ ಎಲ್ಲಾ ಗೊತ್ತಾಗತ್ತೆ.

ಮುಖ್ಯವಾದ ಮಾತು, ಇದೆಲ್ಲ ಮಾಡೋವಾಗ ಮುಳ್ಳಿನ ಭಾಗವನ್ನ ಮುಂದಕ್ಕೆ ಎಳೆದು ಬಿಚ್ಚಿಟ್ಬಿಡಿ, ಶ್ಯೂರಲ್ಲಿ ಅದು ಕೈಯಲ್ಲೇ ಬರತ್ತೆ. ಸ್ಕ್ರೂಡ್ರೈವರ್ ಒಂದ್ಸಲ ಜಾರಿದ್ರೆ ಕ್ಯಾಂಟಿಲಿವರ್ ಹೋಯ್ತು. ವೈರಿನ ಕ್ಲಿಪ್ಪನ್ನ ಚಿಮಟದಲ್ಲಿ ಹಿಡಿದೇ ಎಳೀಬೇಕು, ವೈರ್ ಹಿಡಿದು ಎಳೆದ್ರೆ ಕಿತ್ತು ಬರತ್ತೆ. ಕ್ಲಿಪ್ ಸಡಿಲ ಇದ್ರೆ ಚಿಮಟದಲ್ಲೇ ಒಂಚೂರು ಅದುಮಿ, ಬಿಗಿ ಜಾಸ್ತಿ ಇದ್ರೆ ಹಲ್ಲುಕಡ್ಡಿ ತುದಿ ತೂರಿಸಿ ಅಗಲ ಮಾಡಿ, ಬಲವಂತವಾಗಿ ಒತ್ತಿದ್ರೆ ಕಾರ್ಟ್ರಿಜ್ಜಿನ ಪಿನ್ನೇ ಒಳಗೆ ಹೋಗ್ಬಹುದು. ಕಾರ್ಟ್ರಿಜ್ ಪಿನ್ನಿಗೆ ನೇರವಾಗಿ ಸಾಲ್ಡರ್ ಯಾವತ್ತೂ ಮಾಡ್ಬೇಡಿ, ಒಳಗಿನ ಕೂದಲೆಳೆ ತಂತಿಯ ಬೆಸುಗೆ ಬಿಸಿಗೆ ಬಿಟ್ಟುಹೋಗತ್ತೆ, ಆಮೇಲೆ ಅದನ್ನ ಸರಿ ಮಾಡೋಕಾಗಲ್ಲ.

ಇಪ್ಪತ್ತೊಂದು_ಮೈಕ್ರಾನ್:

ಮೇಲಿನವರು ಹೇಳಿದ್ದು ಪೂರ್ತಿ ಸರಿ, ಅದನ್ನ ಮಾಡಿ. ನಾನು ಹರಿಯೋ ದನಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನೀವು ಬರೆದಿರೋದ್ರಲ್ಲಿ ನನಗೆ ನಿಜವಾಗ್ಲೂ ಆತಂಕ ಆಗಿದ್ದು ಆ 0.75 ಗ್ರಾಂ.

ತೂಕ ಕಡಿಮೆ ಇದ್ದಷ್ಟೂ ರೆಕಾರ್ಡಿಗೆ ಒಳ್ಳೇದು ಅಂತ ತುಂಬಾ ಜನ ನಂಬಿದಾರೆ, ಅದು ಉಲ್ಟಾ. ಈ ಕಾರ್ಟ್ರಿಜ್ಜಿಗೆ ಶ್ಯೂರ್ ಕೊಟ್ಟಿರೋ ಮಿತಿ 0.75ರಿಂದ 1.25 ಗ್ರಾಂ. ಕೆಳಗಿನ ಅಂಕೆ ಹೊಚ್ಚ ಹೊಸ ಮುಳ್ಳು, ಕರಾರುವಾಕ್ಕಾದ ಆರ್ಮು, ಚಪ್ಪಟೆ ರೆಕಾರ್ಡು ಎಲ್ಲಾ ಕೂಡಿ ಬಂದಾಗ ಮಾತ್ರ. ತೂಕ ಸಾಲ್ದೇ ಹೋದ್ರೆ ಜೋರು ಜಾಗ ಬಂದಾಗ ಮುಳ್ಳು ಗ್ರೂವಿನ (ದನಿ ಕೊರೆದಿರೋ ಗೀರು) ಗೋಡೆ ಬಿಟ್ಟು ಒಂದು ಕ್ಷಣ ಮೇಲೆದ್ದು ಮತ್ತೆ ಗೋಡೆಗೆ ಬಡೀತದೆ, ಗುಂಡಿ ಬಿದ್ದ ರಸ್ತೇಲಿ ಟೈರು ಕುಪ್ಪಳಿಸೋ ಹಾಗೆ. ವಜ್ರ ವಿನೈಲಿಗೆ ಬಡಿದ್ರೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ, ಆ ಗಾಯ ಶಾಶ್ವತ, ನಾಳೆ ಎಂಥಾ ಒಳ್ಳೇ ಕಾರ್ಟ್ರಿಜ್ ಹಾಕಿದ್ರೂ ಆ ಜಾಗದಲ್ಲಿ ಸ ಅನ್ನೋದು ಹರಿದೇ ಕೇಳತ್ತೆ. ಕಾಲು ಗ್ರಾಂ, ಅರ್ಧ ಗ್ರಾಂ ಜಾಸ್ತಿ ಇಟ್ಟಿದ್ದಕ್ಕೆ ಆಗೋ ಸವೆತ ಇದರ ಮುಂದೆ ಏನೇನೂ ಅಲ್ಲ. ದಯವಿಟ್ಟು 1.25ಕ್ಕೆ ಇಡಿ, ಮತ್ತೆ ತೊಂದರೆ ಪೂರ್ತಿ ಬಗೆಹರಿಯೋ ತನಕ ಇಷ್ಟವಾದ ರೆಕಾರ್ಡುಗಳನ್ನ ಅದ್ರ ಮೇಲೆ ಹಾಕ್ಬೇಡಿ.

ಕೊನೇ ಹಾಡುಗಳಲ್ಲೇ ಯಾಕೆ ಜಾಸ್ತಿ ಕೇಳತ್ತೆ ಅಂದ್ರೆ, ಪ್ಲಾಟರ್ (ರೆಕಾರ್ಡ್ ಕೂರೋ ತಟ್ಟೆ) ತಿರುಗೋ ವೇಗ ಒಂದೇ, ಆದ್ರೆ ಮುಳ್ಳಿನ ಕೆಳಗೆ ಸರಿಯೋ ಗ್ರೂವಿನ ಉದ್ದ ಒಂದೇ ಅಲ್ಲ. ಎಲ್‌ಪಿಯ ಹೊರಗಿನ ಅಂಚಲ್ಲಿ ಒಂದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹೋಗತ್ತೆ, ಒಳಗೆ ಲೇಬಲ್ ಹತ್ರ 21 ಸೆಂಟಿಮೀಟರ್ ಅಷ್ಟೇ. ಅದೇ ಒಂದು ಸೆಕೆಂಡಿನ ಹಾಡನ್ನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗಾಯ್ತು. 10 ಕಿಲೋಹರ್ಟ್ಸಿನ ಒಂದು ಅಲೆ ಅಲ್ಲಿ ಬರೀ 21 ಮೈಕ್ರಾನ್ ಉದ್ದ ಇರತ್ತೆ. ದುಂಡು ಮೊನೆಯ ಮುಳ್ಳಿನ ತ್ರಿಜ್ಯವೇ 15ರಿಂದ 18 ಮೈಕ್ರಾನ್, ಅದು ಆ ಅಲೆಯ ಒಳಕ್ಕೆ ಇಳಿಯೋಕೇ ಆಗಲ್ಲ. ನಿಮ್ಮ ವಿಎನ್35ಇ ಎಲಿಪ್ಟಿಕಲ್ (ಅಂಡಾಕಾರದ ಮೊನೆ), ಅದರ ಪಕ್ಕದ ಅಂಚು 5 ಮೈಕ್ರಾನ್ ಆಸುಪಾಸು, ಹಾಗಾಗಿ ಇಳಿಯತ್ತೆ, ಆದ್ರೆ ಆ ಅಂಚು ಸವೆದು ಚಪ್ಪಟೆ ಆಗಿದ್ರೆ ಎಲಿಪ್ಟಿಕಲ್ ಆಗಿದ್ದೂ ಪ್ರಯೋಜನ ಇಲ್ಲ. ಮನೇಲಿರೋ ಭೂತಗನ್ನಡಿಯಲ್ಲಿ ವಜ್ರ ಇದೆ ಇಲ್ಲ ಅಂತ ಗೊತ್ತಾಗತ್ತೆ ಅಷ್ಟೇ, ಸವೆತ ಕಾಣಲ್ಲ, ಅದಕ್ಕೆ ಕನಿಷ್ಠ 100-200 ಪಟ್ಟು ದೊಡ್ಡದು ಮಾಡೋ ಮೈಕ್ರೋಸ್ಕೋಪ್ ಬೇಕು.

ಇನ್ನೊಂದು, ಕ್ಯಾಂಟಿಲಿವರ್ ಬುಡದಲ್ಲಿರೋ ರಬ್ಬರ್. ಮುಳ್ಳು ಒಂದೇ ಒಂದು ರೆಕಾರ್ಡ್ ಓಡಿಸದೇ ಡಬ್ಬೀಲೇ ಇದ್ರೂ ಆ ರಬ್ಬರಿಗೆ ವಯಸ್ಸಾಗತ್ತೆ. ಕೆಲವು ಗಟ್ಟಿಯಾಗತ್ತೆ, ಕೆಲವು ಮೆತ್ತಗಾಗಿ ಕುಸಿಯತ್ತೆ. ತೂಕ 1.25 ಇಟ್ಟು ಮುಳ್ಳನ್ನ ನಿಂತ ರೆಕಾರ್ಡಿನ ಮೇಲೆ ಇಳಿಸಿ ಪಕ್ಕದಿಂದ ನೋಡಿ, ಕಾರ್ಟ್ರಿಜ್ಜಿನ ಹೊಟ್ಟೆ ರೆಕಾರ್ಡಿಗೆ ತಾಗೋಷ್ಟು ಕೂತುಬಿಟ್ರೆ ರಬ್ಬರ್ ಹೋಗಿದೆ. ಮುಂದುಗಡೆಯಿಂದ ನೋಡಿದಾಗ ಕ್ಯಾಂಟಿಲಿವರ್ ಒಂದು ಕಡೆ ವಾಲಿದ್ರೂ ಅಷ್ಟೇ. ನನ್ನ ಅನಿಸಿಕೆ ಕೇಳಿದ್ರೆ ಅಳೆದು ತೂಗೋದೇ ಬೇಡ, ಆ ಕಾಲದ ಮುಳ್ಳನ್ನ ನೆನಪಿಗೆ ಇಟ್ಕೊಳ್ಳಿ, ಕೇಳೋಕೆ ಹೊಸದು ತಗೊಳ್ಳಿ. ಶ್ಯೂರ್ 2018ರಲ್ಲಿ ಕಾರ್ಟ್ರಿಜ್, ಮುಳ್ಳು ಮಾಡೋದೇ ನಿಲ್ಲಿಸಿತು, ಆದ್ರೆ ಜಪಾನಿನ ಜಿಕೋ ಈ ಮಾಡೆಲ್ಲಿಗೆ ಮುಳ್ಳು ಮಾಡಿದೆ. ಕಾರ್ಟ್ರಿಜ್ಜಿನ ಮೈಯಲ್ಲಿರೋದು ಕಾಯಿಲ್, ಅದಕ್ಕೆ ಹೆಚ್ಚೇನೂ ಆಗಿರಲ್ಲ, ವಯಸ್ಸಾಗೋದೆಲ್ಲ ಆ ಬಿಚ್ಚೋ ಭಾಗಕ್ಕೆ.

ನಿಧಾನಗತಿ:

ವೂಫರ್ ತೇಕೋದಕ್ಕೆ ಕಾರಣ ನೀವೇ ಬರೆದಿದೀರಿ, ಆ ದಪ್ಪ ಹೆಡ್‌ಶೆಲ್.

ಆರ್ಮಿನ ಭಾರ ಮತ್ತು ಮುಳ್ಳಿನ ರಬ್ಬರಿನ ಮೆತ್ತಗಿರೋ ಗುಣ ಎರಡೂ ಸೇರಿ ಒಂದು ಸ್ವಂತ ಕಂಪನ ಇರತ್ತೆ. ಅದು 8ರಿಂದ 12 ಹರ್ಟ್ಸ್ ಒಳಗಿದ್ರೆ ಒಳ್ಳೇದು, ಯಾಕಂದ್ರೆ ರೆಕಾರ್ಡಿನ ಡೊಂಕು ಹುಟ್ಟಿಸೋ ಅಲುಗಾಟ ಕೆಲವೇ ಹರ್ಟ್ಸ್ ಒಳಗೆ ಇರತ್ತೆ, ಸಂಗೀತ 20ರಿಂದ ಮೇಲೆ, ಇವೆರಡರ ಮಧ್ಯದ ಖಾಲಿ ಜಾಗದಲ್ಲಿ ಅದು ಕೂರ್ಬೇಕು. ಲೆಕ್ಕ ಸುಲಭ. ಆರ್ಮಿನ ಎಫೆಕ್ಟಿವ್ ಮಾಸ್‌ಗೆ (ಅಲುಗೋವಾಗ ಮುಳ್ಳಿಗೆ ಅನ್ನಿಸೋ ಭಾರ) ಕಾರ್ಟ್ರಿಜ್ ಮತ್ತು ಸ್ಕ್ರೂ ತೂಕ ಕೂಡಿಸಿ, ಅದನ್ನ ಕಂಪ್ಲಯನ್ಸ್‌ನಿಂದ (ರಬ್ಬರ್ ಎಷ್ಟು ಮೆತ್ತಗಿದೆ ಅನ್ನೋ ಅಳತೆ) ಗುಣಿಸಿ, ವರ್ಗಮೂಲ ತೆಗೀರಿ, 159ನ್ನ ಅದರಿಂದ ಭಾಗಿಸಿ. ನಿಮ್ಮ ಆರ್ಮು ಮೂಲ ಹೆಡ್‌ಶೆಲ್ ಜೊತೆ ಸುಮಾರು 9.5 ಗ್ರಾಂ, ಕಾರ್ಟ್ರಿಜ್ಜು ಸ್ಕ್ರೂ ಸೇರಿ ಆರೂವರೆ, ಒಟ್ಟು 16. ಕಂಪ್ಲಯನ್ಸ್ 25 ಅಂತ ಇಟ್ಕೊಂಡ್ರೆ 16 ಗುಣಿಸು 25, 400, ವರ್ಗಮೂಲ 20, ಅಂದ್ರೆ ಹತ್ತಿರ ಹತ್ತಿರ 8 ಹರ್ಟ್ಸ್. ಅಂಚಲ್ಲಿದೆ, ಆದ್ರೂ ಪರವಾಗಿಲ್ಲ. ಅದೇ ಹೆಡ್‌ಶೆಲ್ 6-7 ಗ್ರಾಂ ಜಾಸ್ತಿ ಇದ್ರೆ ಅದು ಆರ್ಮಿನ ತುತ್ತತುದೀಲಿ ಇರೋದ್ರಿಂದ ಪೂರ್ತಿ ಲೆಕ್ಕಕ್ಕೆ ಬರತ್ತೆ, 6.7 ಹರ್ಟ್ಸಿಗೆ ಇಳಿದುಬಿಡತ್ತೆ, ಡೊಂಕಿನ ಪ್ರತಿ ಏರಿಳಿತಕ್ಕೂ ಆರ್ಮು ಕುಣಿಯತ್ತೆ, ಅದನ್ನೇ ನೀವು ವೂಫರಲ್ಲಿ ನೋಡ್ತಿರೋದು. ಹಾಗೆ ಕುಣಿಯೋವಾಗ ಮುಳ್ಳಿನ ಮೇಲಿನ ತೂಕವೂ ಏರಿಳೀತದೆ, 0.75 ಇಟ್ಟಿದ್ದು ಒಂದೊಂದು ಕ್ಷಣಕ್ಕೆ ಅರ್ಧ ಗ್ರಾಮೂ ಇರಲ್ಲ. ಅಂದ್ರೆ ನಿಮ್ಮ ಹರಿಯೋ ದನಿಗೂ ಇದಕ್ಕೂ ನಂಟಿದೆ.

ಮೂಲ ಹೆಡ್‌ಶೆಲ್‌ನಲ್ಲಿ ಸ್ಲಾಟ್ ಇಲ್ದಿರೋದು ಕೊರತೆ ಅಲ್ಲ ಸರ್, ಅದಕ್ಕೆ ಕಾರಣ ಇದೆ. ಬೇರೆ ಆರ್ಮುಗಳಲ್ಲಿ ಕಾರ್ಟ್ರಿಜ್ ಸರಿಸ್ತೀವಿ, ಎಸ್‌ಎಂಇಲಿ ಆರ್ಮನ್ನೇ ಸರಿಸ್ಬೇಕು. ಬುಡದಲ್ಲಿ ಕಂಬ ಕೂತಿರೋ ಜಾಗ ಒಂದು ಹಳಿ ಥರ ಇದೆ ನೋಡಿ, ಅಲ್ಲಿರೋ ಬೋಲ್ಟ್ ಸಡಿಲ ಮಾಡಿದ್ರೆ ಇಡೀ ಆರ್ಮು ಹಿಂದೆ ಮುಂದೆ ಜಾರತ್ತೆ. ಕಾರ್ಟ್ರಿಜ್ಜನ್ನ ಹೆಡ್‌ಶೆಲ್‌ಗೆ ನೇರವಾಗಿ ಕೂರಿಸಿ, ಪ್ರೊಟ್ರ್ಯಾಕ್ಟರ್ ಕಾಗದವನ್ನ (ಕೋನ ಹೊಂದಿಸೋ ಗುರುತಿನ ಕಾಗದ) ಸ್ಪಿಂಡಲಿಗೆ (ತಟ್ಟೆ ಮಧ್ಯದ ಮೊಳೆ) ಹಾಕಿ, ಮುಳ್ಳನ್ನ ಗುರುತಿನ ಚುಕ್ಕಿ ಮೇಲೆ ಇಳಿಸಿ, ಮುಂದುಗಡೆಯಿಂದ ಒಂದೇ ಕಣ್ಣಲ್ಲಿ ನೋಡ್ತಾ ಗೆರೆಗೆ ಸಮ ಬರೋ ತನಕ ಬುಡ ಸರಿಸಿ, ಬಿಗಿ ಮಾಡಿ, ಬಿಗಿ ಮಾಡೋವಾಗ ಒಂಚೂರು ತಿರುಗತ್ತೆ, ಹಾಗಾಗಿ ಮತ್ತೊಂದ್ಸಲ ನೋಡಿ. ಸಮ ನೋಡ್ಬೇಕಾಗಿದ್ದು ಹೆಡ್‌ಶೆಲ್ ಅಂಚಿಗೆ ಅಲ್ಲ, ಕಾರ್ಟ್ರಿಜ್ಜಿನ ಮೈಗೂ ಅಲ್ಲ, ಕ್ಯಾಂಟಿಲಿವರಿಗೆ. ಎರಡು ಚುಕ್ಕಿ ಇರೋ ಸಾಮಾನ್ಯ ಕಾಗದದಲ್ಲಿ ಸ್ಪಿಂಡಲಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿ ಗುರುತು ಇರತ್ತೆ, ಎಸ್‌ಎಂಇ ಜೊತೆ ಬರ್ತಿದ್ದ ಕಾರ್ಡಲ್ಲಿ ಒಂದೇ ಗುರುತು. ಕಾರ್ಡ್ ನಿಮ್ಮ ಡಬ್ಬೀಲಿ ಇದ್ರೆ ಅದನ್ನೇ ಬಳಸಿ, ಈ ಆರ್ಮಿನ ಕೋನಕ್ಕೆ ಅಂತ ಮಾಡಿದ್ದು.

ಆಮೇಲೆ ಹಿಂದಿನ ಕೌಂಟರ್‌ವೇಟ್ (ಆರ್ಮನ್ನ ಸಮ ತೂಗಿಸೋ ಗುಂಡು) ಪಕ್ಕದಿಂದ ನೋಡಿ. ಈ ಮಾಡೆಲ್ಲಲ್ಲಿ ಅದಕ್ಕೂ ಆರ್ಮಿನ ಕೊಳವೆಗೂ ಮಧ್ಯ ರಬ್ಬರ್ ಇದೆ, ವಯಸ್ಸಾಗಿ ಆ ರಬ್ಬರ್ ಸೋತು ಹಿಂಬದಿ ಜೋತು ಬಿದ್ದಿರೋದು ತುಂಬಾ ಆರ್ಮುಗಳಲ್ಲಿ ಕಾಣತ್ತೆ. ಜೋತು ಬಿದ್ದಿದ್ರೆ ಬ್ಯಾಲೆನ್ಸ್ ಒಂದೇ ಕಡೆ ನಿಲ್ಲಲ್ಲ, ಹೊಸ ರಬ್ಬರ್ ಹಾಕಿಸ್ಬೇಕು.

ಎಲ್‌ಪಿ_ಪ್ರೇಮಿ:

ಇಷ್ಟೆಲ್ಲ ಯಾಕೆ ಅಂತ, ಡೆನಾನ್ ಡಿಎಲ್-103 ಹಾಕ್ಬಿಡಿ, ನನ್ನತ್ರ ಇದೆ, ಅದ್ಭುತ ಕಾರ್ಟ್ರಿಜ್ಜು, ಜಪಾನಿನ ಎನ್‌ಎಚ್‌ಕೆ ರೇಡಿಯೋದವರಿಗೆ ಅಂತ 60ರ ದಶಕದಲ್ಲಿ ಮಾಡಿದ್ದು, ಇವತ್ತಿಗೂ ಹೊಸದೇ ಸಿಗತ್ತೆ.

ನಿಧಾನಗತಿ:

ಡಿಎಲ್-103 ಒಳ್ಳೇದು ಅನ್ನೋದ್ರಲ್ಲಿ ಎರಡು ಮಾತಿಲ್ಲ ಸರ್, ಆದ್ರೆ ಈ ಆರ್ಮಿಗೆ ಅಲ್ಲ. ಅದಕ್ಕೆ 2.5 ಗ್ರಾಂ ಬೇಕು, ಇಂಪ್ರೂವ್ಡ್ ಆರ್ಮಿನ ರೈಡರ್ (ತೂಕ ಇಡೋಕೆ ಸರಿಸೋ ಗುಂಡು) ಇರೋದೇ ಒಂದೂವರೆ ಗ್ರಾಂ ತನಕ. ಮುಳ್ಳು ಗಡಸು, ಅದಕ್ಕೆ ಭಾರದ ಆರ್ಮು ಬೇಕು, ಇಂಥಾ ಹಗುರ ಆರ್ಮಿಗೆ ಹಾಕಿದ್ರೆ ಅದರ ಅದುರಾಟ ಎಲ್ಲಾ ಕೊಳವೆಗೆ ಹತ್ತತ್ತೆ. ಮೇಲೆ ಅದು ಮೂವಿಂಗ್ ಕಾಯಿಲ್, 0.3 ಮಿಲಿವೋಲ್ಟ್ ಮಾತ್ರ ಕೊಡೋದು, ವಿ15 ಅದರ ಹತ್ತು ಪಟ್ಟಿಗಿಂತ ಜಾಸ್ತಿ ಕೊಡತ್ತೆ, ಅಂದ್ರೆ ಟ್ರಾನ್ಸ್‌ಫಾರ್ಮರೋ ಬೇರೆ ಪ್ರೀಆಂಪೋ (ಸಣ್ಣ ಸಿಗ್ನಲ್ಲನ್ನ ದೊಡ್ಡದು ಮಾಡೋ ಡಬ್ಬಿ) ಬೇಕಾಗತ್ತೆ. ಅವರ ಹತ್ರ ಇರೋ ಜೋಡಿ ಒಂದಕ್ಕೊಂದು ಹೇಳಿ ಮಾಡಿಸಿದ್ದು, ಅದನ್ನ ಬಿಡಿಸೋದು ಬೇಡ ಅನ್ಸತ್ತೆ ನನಗೆ.

ಎಲ್‌ಪಿ_ಪ್ರೇಮಿ:

ಒಪ್ಪಿದೆ, ನನ್ನದು ಭಾರದ ಆರ್ಮು, ಅದಕ್ಕೇ ಚೆನ್ನಾಗಿ ಕೂತಿದೆ.

ತಂತಿ_ಮೇಡಂ:

ಹಮ್ಮಿನ ಬಗ್ಗೆ ಯಾರೂ ಹೇಳಿಲ್ಲ, ಚಿಕ್ಕದಾಗಿ ಹೇಳ್ತೀನಿ. ಆರ್ಮಿನಿಂದ ಬರೋ ಒಂಟಿ ಅರ್ತ್ ವೈರನ್ನ ಆಂಪ್ಲಿಫಯರಿನ ಗ್ರೌಂಡ್ ಸ್ಕ್ರೂಗೆ ಕಟ್ಟಿದೀರಾ ನೋಡಿ. ಕಟ್ಟಿದ್ದೂ ಹಮ್ ಇದ್ರೆ ಆರ್ಮಿನ ಲೋಹ ಮುಟ್ಟಿ, ಮುಟ್ಟಿದಾಗ ಹಮ್ ಬದಲಾದ್ರೆ ಅರ್ತ್ ಎಲ್ಲೋ ಬಿಟ್ಟಿದೆ ಅಂತ ಅರ್ಥ. ಆರ್ಮನ್ನ ಒಳಗೆ ತಂದಷ್ಟೂ ಹಮ್ ಜಾಸ್ತಿ ಆದ್ರೆ ಮೋಟರ್ ಕಡೆಯಿಂದ ಹಿಡೀತಿದೆ, ಹೊರಗೆ ಇಟ್ಟಾಗಲೇ ಜಾಸ್ತಿ ಇದ್ರೆ ಪಕ್ಕದಲ್ಲಿರೋ ಆಂಪ್ಲಿಫಯರಿನ ಟ್ರಾನ್ಸ್‌ಫಾರ್ಮರ್ ದೂರ ಇಡಿ.

ನಾನು ಮುಖ್ಯವಾಗಿ ಹೇಳೋಕೆ ಬಂದಿದ್ದು ಕೆಪಾಸಿಟೆನ್ಸ್ ವಿಷಯ, ಶ್ಯೂರ್ ಹಾಕೋರು ಬಹಳ ಜನ ಇದನ್ನ ಬಿಟ್ಟುಬಿಡ್ತಾರೆ, ಆಮೇಲೆ ಈ ಕಾರ್ಟ್ರಿಜ್ ಮಂಕು ಅಂತಲೋ ಚೂಪು ಅಂತಲೋ ದೂರ್ತಾರೆ. ವಿ15 ಟೈಪ್ 3ಕ್ಕೆ 47 ಕಿಲೋ ಓಮ್ ಜೊತೆ 400ರಿಂದ 500 ಪಿಕೋಫ್ಯಾರಡ್ ಬೇಕು ಅಂತ ತಯಾರಕರೇ ಹೇಳಿರೋದು. ಇದು ಆರ್ಮಿನ ವೈರು, ಹೊರಗಿನ ಕೇಬಲ್ಲು, ಪ್ರೀಆಂಪಿನ ಒಳಗಿರೋದು ಎಲ್ಲಾ ಸೇರಿ ಆಗೋ ಮೊತ್ತ. ಕಾರ್ಟ್ರಿಜ್ಜಿನ ಕಾಯಿಲ್ಲಿನ ಇಂಡಕ್ಟೆನ್ಸ್ ದೊಡ್ಡದು, ಅದೂ ಈ ಕೆಪಾಸಿಟೆನ್ಸೂ ಸೇರಿ ಮೇಲಿನ ಸ್ವರಗಳು ಎಲ್ಲಿ ತನಕ ಸಮವಾಗಿ ಹೋಗತ್ತೆ ಅನ್ನೋದನ್ನ ನಿರ್ಧರಿಸತ್ತೆ. ಈಗಿನ ಪ್ರೀಆಂಪುಗಳಲ್ಲಿ ಬರೀ 100 ಪಿಎಫ್ ಇರೋದೇ ಜಾಸ್ತಿ, ಒಂದು ಮೀಟರ್ ಕೇಬಲ್ ಇನ್ನೊಂದು 100 ಕೊಡ್ಬಹುದು, ಇನ್ನೂ 200 ಸಾಲ್ದು. ಪ್ರೀಆಂಪಲ್ಲಿ ಕೆಪಾಸಿಟೆನ್ಸ್ ಸ್ವಿಚ್ ಇದ್ರೆ ಏರಿಸಿ, ಇಲ್ಲಾಂದ್ರೆ ಕೇಬಲ್ ತುದಿಯ ಪ್ಲಗ್ಗಿನ ಒಳಗೆ ಒಂದೊಂದು ಚಾನೆಲ್ಲಿಗೆ ಒಂದೊಂದು ಸಣ್ಣ ಕೆಪಾಸಿಟರ್ ಕೂರಿಸ್ಬಹುದು, ಸಾಲ್ಡರ್ ಬರೋರಿಗೆ ಹತ್ತು ನಿಮಿಷದ ಕೆಲಸ. ಆದ್ರೆ ಇದನ್ನ ಎಲ್ಲಕ್ಕಿಂತ ಕೊನೇಲಿ ಮಾಡಿ, ಸವೆದ ಮುಳ್ಳಿನ ದೋಷವನ್ನ ಕೆಪಾಸಿಟರ್ ಮುಚ್ಚಲ್ಲ.

ಹಳೇ78:

ಥ್ರೆಡ್ ಹೈಜಾಕ್ ಮಾಡ್ತಿದೀನಿ, ಕ್ಷಮೆ ಇರಲಿ. ನಮ್ಮನೇಲಿ ಅಜ್ಜನ ಕಾಲದ 78 ಪ್ಲೇಟುಗಳಿವೆ, ಇದೇ ಥರ ಸೆಟಪ್ಪಲ್ಲಿ ಇದೇ ಮುಳ್ಳಲ್ಲಿ ಅದನ್ನೂ ಹಾಕ್ಬಹುದಾ?

ಇಪ್ಪತ್ತೊಂದು_ಮೈಕ್ರಾನ್:

ಎಲ್‌ಪಿ ಮುಳ್ಳಲ್ಲಿ ಬೇಡ. 78ರ ಗ್ರೂವ್ ಬಹಳ ಅಗಲ, ಅದಕ್ಕೆ ಸುಮಾರು 3 ಮಿಲ್, ಅಂದ್ರೆ 75 ಮೈಕ್ರಾನ್ ಹತ್ತಿರದ ಮೊನೆ ಬೇಕು. ಎಲ್‌ಪಿ ಮುಳ್ಳು ಗೋಡೆಗೆ ತಾಗದೇ ಗ್ರೂವಿನ ತಳದಲ್ಲಿ ಓಡತ್ತೆ, ಅಲ್ಲಿರೋದೆಲ್ಲ ಧೂಳು, ಗೊರಗೊರ ಬಿಟ್ಟು ಏನೂ ಕೇಳಲ್ಲ, ಮುಳ್ಳೂ ಹಾಳು. ವಿ15 ಟೈಪ್ 3 ಮೈಗೆ ಕೂರೋ ಹಾಗೆ 78ಕ್ಕೆ ಅಂತಲೇ ವಿಎನ್78ಇ ಅನ್ನೋ ಮುಳ್ಳು ಇತ್ತು, ಅಂಥದ್ದು ಸಿಕ್ರೆ ಕಾರ್ಟ್ರಿಜ್ ಬಿಚ್ಚದೇ ಬರೀ ಮುಳ್ಳು ಬದಲಾಯಿಸಿ ಕೇಳ್ಬಹುದು, ತೂಕ ಮಾತ್ರ ಆ ಮುಳ್ಳಿನ ಚೀಟಿ ನೋಡಿ ಇಡಿ. ಮತ್ತೆ ಟರ್ನ್‌ಟೇಬಲ್ಲಿಗೆ 78ರ ವೇಗ ಇರ್ಬೇಕು, ತುಂಬಾದ್ರಲ್ಲಿ ಇರಲ್ಲ.

ಕಪ್ಪುತಟ್ಟೆ:

ಎಲ್ರಿಗೂ ತುಂಬಾ ತುಂಬಾ ಧನ್ಯವಾದ. ಹೇಳಿದ್ದೆಲ್ಲ ಒಂದೊಂದಾಗಿ ಮಾಡಿದೆ. ಆರ್ಮಿನ ತುದೀಲಿರೋ ಒಂದು ಪಿನ್ನು ನಿಜವಾಗ್ಲೂ ಒಳಗೇ ಸಿಕ್ಕಾಕ್ಕೊಂಡಿತ್ತು, ಆಲ್ಕೋಹಾಲ್ ಹಾಕಿ ಒತ್ತಿ ಒತ್ತಿ ಬಿಟ್ಟಮೇಲೆ ಸಡಿಲ ಆಯ್ತು, ಹತ್ತಿ ಮೇಲೆ ಕಪ್ಪಗೆ ಬಂತು, ಈಗ ಎಡ ಚಾನೆಲ್ ಗಟ್ಟಿ ನಿಂತಿದೆ. ಮೂಲ ಹೆಡ್‌ಶೆಲ್ ವಾಪಸ್ ಹಾಕಿ ಬುಡ ಸರಿಸಿ ಅಲೈನ್ ಮಾಡಿದೆ, ಕಾರ್ಡೂ ಡಬ್ಬೀಲೇ ಸಿಕ್ತು, ವೂಫರ್ ತೇಕೋದು ಪೂರ್ತಿ ಹೋಗಿಲ್ಲ ಆದ್ರೆ ಎಷ್ಟೋ ಕಡಿಮೆ ಆಗಿದೆ. ಹಳೇ ಮುಳ್ಳನ್ನ 1.25ಕ್ಕೆ ಇಟ್ಟು ಪಕ್ಕದಿಂದ ನೋಡಿದೆ, ಹೊಟ್ಟೆ ತಾಗ್ತಿರಲಿಲ್ಲ, ಆದ್ರೆ ಮುಂದಿನಿಂದ ನೋಡಿದ್ರೆ ಒಂಚೂರು ಎಡಕ್ಕೆ ವಾಲಿತ್ತು, ಅದಕ್ಕೇ ಹೊಸ ಮುಳ್ಳು ತರಿಸಿ ಹಾಕಿದೆ. ಅದೇ ರೆಕಾರ್ಡು, ಅದೇ ಕೊನೇ ಹಾಡು, ಸ ಅನ್ನೋದು ಈಗ ಸ ಥರಾನೇ ಕೇಳತ್ತೆ. ಕೌಂಟರ್‌ವೇಟಿನ ರಬ್ಬರ್ ಸ್ವಲ್ಪ ಇಳಿದಿದೆ, ಅದನ್ನೂ ಬದಲಾಯಿಸ್ತೀನಿ.

ಇನ್ನೊಂದೇ ಪ್ರಶ್ನೆ. ಜೋರಾಗಿ ಬಂದ ಕಡೆ ಬಲಗಡೆ ಸ್ಪೀಕರಲ್ಲಿ ಮಾತ್ರ ಇನ್ನೂ ಚೂರು ಕಿರಿಕಿರಿ ಇದೆ. ದಾರದಲ್ಲಿ ನೇತಾಡೋ ಆ ಪುಟ್ಟ ತೂಕ ಕಡ್ಡಿಯ ಯಾವ ಕಚ್ಚಲ್ಲಿ ಇರ್ಬೇಕು? ಮತ್ತೆ ರೈಡರ್ 1.25 ತೋರಿಸಿದ್ರೂ ಡಿಜಿಟಲ್ ತಕ್ಕಡಿ 1.4 ಅನ್ನತ್ತೆ, ಯಾವುದನ್ನ ನಂಬ್ಲಿ?

ಮುಳ್ಳಿನಮೊನೆ:

ಖುಷಿ ಆಯ್ತು ಸರ್. ಬಲಗಡೆ ಮಾತ್ರ ಕಿರಿಕಿರಿ ಅಂದ್ರೆ ಆಂಟಿಸ್ಕೇಟ್ (ಆ ದಾರದ ತೂಕ ಆರ್ಮನ್ನ ಹೊರಕ್ಕೆ ಎಳೆಯೋದು) ಸಾಲ್ತಿಲ್ಲ ಅಂತ. ಆರ್ಮಿನ ತಲೆ ಓರೆಯಾಗಿರೋದ್ರಿಂದ ಗ್ರೂವಿನ ಘರ್ಷಣೆ ಆರ್ಮನ್ನ ಯಾವಾಗ್ಲೂ ಒಳಕ್ಕೆ ಎಳೀತಿರತ್ತೆ, ಮುಳ್ಳು ಒಳಗಿನ ಗೋಡೆಗೆ ಜಾಸ್ತಿ ಒತ್ತಿ ಹೊರಗಿನ ಗೋಡೆಗೆ ಕಡಿಮೆ ಒತ್ತತ್ತೆ, ಸ್ಟೀರಿಯೋದಲ್ಲಿ ಹೊರಗಿನ ಗೋಡೆ ಅಂದ್ರೆ ಬಲ ಚಾನೆಲ್. ದಾರದ ಕುಣಿಕೆಯನ್ನ ಕಡ್ಡಿಯ ಮೇಲೆ ಕಂಬದಿಂದ ಒಂದು ಕಚ್ಚು ದೂರಕ್ಕೆ ಸರಿಸಿ, ದೂರ ಹೋದಷ್ಟೂ ಎಳೆತ ಜಾಸ್ತಿ. ಅದೇ ಜೋರು ಜಾಗ ಮತ್ತೆ ಕೇಳಿ, ಎರಡೂ ಕಡೆ ಒಂದೇ ಥರ ಆದ್ರೆ ಅಲ್ಲೇ ಬಿಡಿ, ಎಡಗಡೆ ಕಿರಿಕಿರಿ ಶುರುವಾದ್ರೆ ಹೆಚ್ಚಾಯ್ತು ಅಂತ. ದಾರ ಪುಟ್ಟ ತಂತಿಯ ಮೇಲೆ ಸಲೀಸಾಗಿ ಜಾರ್ತಿದೆಯಾ, ತೂಕ ಎಲ್ಲೂ ತಾಗದೇ ನೇತಾಡ್ತಿದೆಯಾ ಅದನ್ನೂ ನೋಡಿ.

ತಕ್ಕಡಿ ವಿಷಯ, ಮೊದಲು ಮತ್ತೆ ಬ್ಯಾಲೆನ್ಸ್ ಮಾಡಿ, ಹೊಸ ಮುಳ್ಳು ಹಾಕಿದ ಮೇಲೆ ತೂಕ ಬದಲಾಗಿರತ್ತೆ. ಆಂಟಿಸ್ಕೇಟ್ ದಾರ ಬಿಚ್ಚಿ, ರೈಡರ್ ಸೊನ್ನೆಗೆ ತನ್ನಿ, ಮುಳ್ಳಿನ ಗಾರ್ಡ್ ಮೇಲೆತ್ತಿ, ಹಿಂದಿನ ತಿರುಪು ತಿರುಗಿಸ್ತಾ ಆರ್ಮು ಗಾಳೀಲಿ ಸಮವಾಗಿ ತೇಲೋ ತನಕ ಹೊಂದಿಸಿ. ತೇಲ್ತಿರೋವಾಗ ಮೆಲ್ಲಗೆ ಊದಿ ನೋಡಿ, ಮೇಲೆ ಕೆಳಗೆ ಆಡಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಬೇಕು, ಮಧ್ಯ ಎಲ್ಲೋ ಅಂಟಿದ ಹಾಗೆ ನಿಂತ್ರೆ ಬೇರಿಂಗ್ ನೋಡಿಸ್ಬೇಕು. ಆಮೇಲೆ ಅಳೀರಿ, ಅಳೆಯೋವಾಗ ತಕ್ಕಡಿಯ ತಟ್ಟೆ ರೆಕಾರ್ಡಿನ ಮೇಲ್ಮೈ ಎತ್ತರದಲ್ಲೇ ಇರ್ಬೇಕು, ಅದಕ್ಕಿಂತ ಎತ್ತರದಲ್ಲಿ ಅಳೆದ್ರೆ ಬೇರೆ ಅಂಕೆ ಬರತ್ತೆ. ಕೆಲವು ತಕ್ಕಡಿಯ ತಟ್ಟೆ ಕಬ್ಬಿಣದ್ದು, ಕಾರ್ಟ್ರಿಜ್ಜಿನ ಅಯಸ್ಕಾಂತ ಅದನ್ನ ಎಳೆದು ಸುಳ್ಳು ತೂಕ ತೋರಿಸತ್ತೆ, ಒಂದು ಚಿಕ್ಕ ಅಯಸ್ಕಾಂತ ತಾಗಿಸಿ ನೋಡಿದ್ರೆ ಗೊತ್ತಾಗತ್ತೆ. ಇದೆಲ್ಲ ಸರಿ ಇದ್ದೂ ವ್ಯತ್ಯಾಸ ಬಂದ್ರೆ ತಕ್ಕಡಿನೇ ನಂಬಿ, ರೈಡರ್ ಗುರುತಿನ ಲೆಕ್ಕ ಸೋತ ರಬ್ಬರ್ ಜೊತೆ ಕರಾರುವಾಕ್ಕಾಗಿ ಬರಲ್ಲ. ತಕ್ಕಡೀಲಿ 1.25 ಬರೋ ಹಾಗೆ ರೈಡರ್ ಹಿಂದೆ ಸರಿಸಿ.

ಮುಳ್ಳಿಗೆ ಧೂಳು ಕೂತಾಗ ಬ್ರಷ್ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೀರಿ, ಪಕ್ಕಕ್ಕೆ ಬೇಡ, ಆಲ್ಕೋಹಾಲ್ ಅಂತೂ ಕ್ಯಾಂಟಿಲಿವರ್ ಬುಡದ ರಬ್ಬರಿಗೆ ಹನಿಯೂ ತಾಗಬಾರದು.

ಕಪ್ಪುತಟ್ಟೆ:

ತಟ್ಟೆ ಕಬ್ಬಿಣದ್ದೇ ಸರ್, ಅಯಸ್ಕಾಂತ ಟಕ್ ಅಂತ ಅಂಟ್ಕೊಳ್ತು. ಬೇರೆ ತಕ್ಕಡಿ ತರ್ತೀನಿ. ದಾರ ಒಂದು ಕಚ್ಚು ಆಚೆ ಹಾಕಿದೆ, ಬಲಗಡೆ ಕಿರಿಕಿರಿ ಹೋಯ್ತು.